ಅರ್ಥವರಿಯದ ಲಿಪಿಕಾರ

ಕೀರ್ತನೆಗಳ ಅಚ್ಚಿನ ಪುಸ್ತಕವೊಂದನ್ನು ತೆರೆದು ನೋಡಿ. ಪಲ್ಲವಿಯನ್ನು ಒಮ್ಮೆ ಪೂರ್ತಿಯಾಗಿ ಕೊಟ್ಟಿರುತ್ತಾರೆ. ಆಮೇಲೆ ಎಷ್ಟೋ ಕಡೆ ಚರಣದ ತುದಿಯಲ್ಲಿ ಅದರ ಮೊದಲ ಮಾತು ಮಾತ್ರ. ಹಾಡುವವರು ಆ ಒಂದು ಮಾತನ್ನು ಕಂಡೊಡನೆ ಪಲ್ಲವಿಯನ್ನೆಲ್ಲ ಹಾಡುತ್ತಾರೆ. ಗಣಕಯಂತ್ರದ ‘ಸಿ’ ಭಾಷೆಯಲ್ಲಿಯೂ ಇಂಥದೊಂದು ಏರ್ಪಾಡುಂಟು. ಅದರ ಹೆಸರು ಪ್ರೀಪ್ರೊಸೆಸರ್.

ಮನುಷ್ಯರು ಬರೆದ ಸೂಚನೆಗಳನ್ನು ಯಂತ್ರದ ನುಡಿಗೆ ತಿರುಗಿಸುವ ಅನುವಾದಕನಿಗೆ ಕಂಪೈಲರ್ ಎನ್ನುತ್ತಾರೆ. ಬರಹವು ಅವನ ಕೈಸೇರುವ ಮುನ್ನ, ಸಂಕ್ಷೇಪಗಳನ್ನು ಬಿಡಿಸಿ ಶುದ್ಧಪ್ರತಿ ಮಾಡಿಕೊಡುವ ಲಿಪಿಕಾರನೇ ಈ ಪ್ರೀಪ್ರೊಸೆಸರ್.

ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿಯವರು ಸಿ ಭಾಷೆಯನ್ನು ರೂಪಿಸುತ್ತಿದ್ದ ಕಾಲವದು. 1972-73ರ ಸುಮಾರಿಗೆ, ಅಲನ್ ಸ್ನೈಡರ್ ಅವರ ಒತ್ತಾಯವೂ ಬಿಸಿಪಿಎಲ್ ಮೊದಲಾದ ಹಿಂದಿನ ಭಾಷೆಗಳ ಮೇಲ್ಪಂಕ್ತಿಯೂ ಸೇರಿ, ಈ ಲಿಪಿಕಾರನು ಕೆಲಸಕ್ಕೆ ಬಂದನು. ಆಗ ಅವನು ಬಲ್ಲ ಆಜ್ಞೆಗಳು ಎರಡೇ. ‘ಇನ್‌ಕ್ಲೂಡ್’ ಎಂದರೆ ಬೇರೊಂದು ಕಡತವನ್ನು ತಂದು ಅಲ್ಲಿಯೇ ಸೇರಿಸುವುದು. ‘ಡಿಫೈನ್’ ಎಂದರೆ ಒಂದು ಹೆಸರು ಬಂದಲ್ಲೆಲ್ಲ ಅದಕ್ಕೆ ಗೊತ್ತುಮಾಡಿದ ಬರಹವನ್ನು ಇಡುವುದು. ಅವನನ್ನು ಮನೆಯವನೆಂದು ಯಾರೂ ಎಣಿಸಿರಲಿಲ್ಲ. ಕೆಲವು ವರ್ಷಗಳವರೆಗೆ, ಬರಹದ ಆರಂಭದಲ್ಲಿ ವಿಶೇಷ ಗುರುತೊಂದು ಇದ್ದರೆ ಮಾತ್ರ ಅವನಿಗೆ ಕರೆ ಹೋಗುತ್ತಿತ್ತು.

ಮುಂದೆ ಮೈಕ್ ಲೆಸ್ಕ್, ಆಮೇಲೆ ಜಾನ್ ರೈಸರ್ ಅವನಿಗೆ ಹೊಸ ವಿದ್ಯೆಗಳನ್ನು ಕಲಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಷರತ್ತು: ಈ ಯಂತ್ರವಾದರೆ ಈ ಸಾಲುಗಳನ್ನು ಉಳಿಸು, ಆ ಯಂತ್ರವಾದರೆ ಆ ಸಾಲುಗಳನ್ನು. ಒಂದೇ ಬರಹ ಹಲವು ಬಗೆಯ ಯಂತ್ರಗಳಿಗೆ ಒದಗುವುದಕ್ಕೆ ಇದು ದೊಡ್ಡ ನೆರವಾಯಿತು.

ಆದರೆ ಒಂದು ಎಚ್ಚರಿಕೆ. ಈ ಲಿಪಿಕಾರನು ಅಕ್ಷರವನ್ನು ಬಲ್ಲನೇ ಹೊರತು ಅರ್ಥವನ್ನಲ್ಲ. ‘ವರ್ಗ’ ಎಂದರೆ ಕೊಟ್ಟದ್ದನ್ನು ಕೊಟ್ಟದ್ದರಿಂದಲೇ ಗುಣಿಸು ಎಂದು ಅವನಿಗೆ ಹೇಳಿ, 2+3ರ ವರ್ಗವನ್ನು ಕೇಳಿ ನೋಡಿ. ಅವನು 2+3×2+3 ಎಂದು ಬರೆದಿಡುತ್ತಾನೆ. ಗುಣಾಕಾರವೇ ಮೊದಲಲ್ಲವೆ? ನೀವು ಬಯಸಿದ್ದು 25, ಬಂದದ್ದು 11! ಅವನು ಹೇಳಿದಂತೆಯೇ ನಡೆದಿದ್ದಾನೆ. ಆವರಣಚಿಹ್ನೆಗಳನ್ನು ಹಾಕದಿದ್ದ ತಪ್ಪು ನಮ್ಮದು.

1989ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವು ಅವನ ನಡೆನುಡಿಗಳಿಗೆಲ್ಲ ಕಟ್ಟಳೆ ವಿಧಿಸಿತು, ಹೊರಗಿನವನು ಮನೆಯವನಾದನು. ಸಿ ಭಾಷೆಯ ಸಂತತಿಯಾದ ಸಿ++ ಅವನ ಹಂಗನ್ನು ಕಡಿಮೆ ಮಾಡಿಕೊಳ್ಳಲೆಂದು 2020ರ ಮಾನಕದಲ್ಲಿ ‘ಮಾಡ್ಯೂಲ್’ ಎಂಬ ಬೇರೆ ದಾರಿಯನ್ನು ತೆರೆಯಿತು. ಆದರೂ ನಿಮ್ಮ ಆಂಡ್ರಾಯ್ಡ್ ಫೋನಿನ ತಳಹದಿಯಾದ ಲಿನಕ್ಸ್ ಸಿದ್ಧವಾಗುವಾಗ ಈ ಹಳೆಯ ಲಿಪಿಕಾರನು ಇಂದಿಗೂ ದುಡಿಯುತ್ತಾನೆ. ಹೇಳಿದ್ದನ್ನು ಹೇಳಿದಂತೆ ಮಾಡುವ ಸೇವಕ ಸಿಕ್ಕರೆ ಯಜಮಾನನಿಗೆ ಅನುಕೂಲವೇ. ಹೇಳುವ ಮಾತಿನ ಹೊಣೆ ಮಾತ್ರ ಯಜಮಾನನಿಗೆ ತಪ್ಪಿದ್ದಲ್ಲ.