ಸ್ವಂತ ವಿಕಿ: ಬರೆದಿಟ್ಟದ್ದು ಬೇಕಾದಾಗ ಸಿಗಬೇಕಾದರೆ ಏನು ಮಾಡಬೇಕು?

"ಮಾಗಡಿಗೆ ಹಿಮಾಲಯದ ಆಚೆಯಿಂದ ಬಾತುಗಳು ಬಂದಿವೆ, ಭಾನುವಾರ ಹೋಗಿ ನೋಡಿ" ಎಂಬ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂತು ಎಂದುಕೊಳ್ಳಿ. ಇದು ನಿಜವೇ ಎಂದು ನೀವು ಹಿಂದೆಯೇ ಪರಿಶೀಲಿಸಿ ಫೋನಿನಲ್ಲಿ ಬರೆದಿಟ್ಟಿದ್ದೀರಿ. ಆದರೆ ಈಗ ಆ ಟಿಪ್ಪಣಿ ಸಿಗುತ್ತಿಲ್ಲ. ಹಕ್ಕಿಯ ವಿಷಯವಾದರೆ ಹೆಚ್ಚೆಂದರೆ ಒಂದು ಪ್ರಯಾಣ ವ್ಯರ್ಥ. ಅಜ್ಜಿಗೆ ಯಾವ ಔಷಧ ಒಗ್ಗುವುದಿಲ್ಲ ಎಂಬ ಟಿಪ್ಪಣಿ ಆಸ್ಪತ್ರೆಯಲ್ಲಿ ಸಿಗದಿದ್ದರೆ ಜೀವಕ್ಕೇ ಅಪಾಯ.

ಸ್ವಂತ ವಿಕಿ ಎಂದರೇನು?

ಒಂದಕ್ಕೊಂದು ಕೊಂಡಿ ಹಾಕಿದ ಪುಟಗಳನ್ನು ಓದುವ ಜಾಗದಲ್ಲೇ ತಿದ್ದಲು ಬಿಡುವ ವ್ಯವಸ್ಥೆಯೇ ವಿಕಿ. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿಯನ್ನು ಆರಂಭಿಸಿದರು. ಹವಾಯಿ ಭಾಷೆಯಲ್ಲಿ 'ವಿಕಿ' ಎಂದರೆ 'ಬೇಗ'. 2004ರಲ್ಲಿ ಜೆರೆಮಿ ರಸ್ಟನ್ ರೂಪಿಸಿದ ಟಿಡ್ಲಿವಿಕಿ ಒಬ್ಬರ ಬಳಕೆಗೆ ಹೇಳಿ ಮಾಡಿಸಿದಂತಿದೆ. ಟಿಪ್ಪಣಿಗಳು, ಹುಡುಕಾಟ, ವಿನ್ಯಾಸ ಎಲ್ಲವೂ ಒಂದೇ ಕಡತದೊಳಗೆ ಇರುತ್ತವೆ.

ವಿಕಿ ಎಂದರೆ ಯಾರು ಬೇಕಾದರೂ ತಿದ್ದಬಹುದೇ?

ಇದು ತಪ್ಪು ತಿಳಿವಳಿಕೆ. ವಿಕಿಪೀಡಿಯ ಹಾಗಿದೆ, ನಿಜ. ನಿಮ್ಮ ಫೋನಿನಲ್ಲಿರುವ ವಿಕಿ ಕಡತವನ್ನು ನೀವು ಕೊಡದೆ ಬೇರೆಯವರು ಇಂಟರ್ನೆಟ್ಟಿನಲ್ಲಿ ತೆರೆಯಲಾರರು. ಟಿಡ್ಲಿವಿಕಿಗೆ ಪಾಸ್‌ವರ್ಡ್ ಕೂಡ ಹಾಕಬಹುದು. ಆದರೆ ಅದನ್ನು ಮರೆತರೆ ಟಿಪ್ಪಣಿಗಳು ಮತ್ತೆ ಸಿಗುವುದಿಲ್ಲ.

ಶೀರ್ಷಿಕೆ ಸ್ಪಷ್ಟವಾಗಿರಲಿ

ಕರ್ನಾಟಕದಲ್ಲಿ ಒಂದಕ್ಕಿಂತ ಹೆಚ್ಚು ಮಾಗಡಿಗಳಿವೆ. ಬೆಂಗಳೂರಿನ ಪಶ್ಚಿಮಕ್ಕಿರುವುದು ಕೆಂಪೇಗೌಡರ ಮಾಗಡಿ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯಲು ಬರುವುದು ಗದಗ ಜಿಲ್ಲೆಯ ಶಿರಹಟ್ಟಿ ಸಮೀಪದ ಮಾಗಡಿ ಕೆರೆಗೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದೂ ಇದೇ ಕೆರೆ. ಬರಿಯ 'ಮಾಗಡಿ' ಎಂಬ ಶೀರ್ಷಿಕೆ ಕೊಟ್ಟರೆ ಎರಡೂ ಊರಿನ ವಿಷಯ ಬೆರೆತುಹೋಗುತ್ತದೆ. 'ಮಾಗಡಿ ಕೆರೆ, ಗದಗ ಜಿಲ್ಲೆ' ಎಂದು ಬರೆಯಿರಿ. ಹಾಗೆಯೇ 'ಮಾತ್ರೆ' ಎಂದಷ್ಟೇ ಬರೆಯದೆ 'ಅಜ್ಜಿಗೆ ಒಗ್ಗದ ಔಷಧಗಳು' ಎಂದು ಬರೆಯಿರಿ. ಪರಿಶೀಲಿಸಿದ ದಿನಾಂಕವೂ ಪುಟದ ಮೇಲ್ಭಾಗದಲ್ಲೇ ಇರಲಿ.

ಕನ್ನಡದಲ್ಲಿ ಹುಡುಕಿದರೆ ಸಿಗದಿರುವುದು ಏಕೆ?

ಹೆಚ್ಚಿನ ಸಲ ಕಾರಣ ಅಕ್ಷರಗಳ ಸಂಕೇತದಲ್ಲಿರುತ್ತದೆ. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಕಣ್ಣಿಗೆ ಕನ್ನಡದಂತೆ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಹಾಗಾಗಿ ಫೋನಿನ ಯೂನಿಕೋಡ್ ಕೀಲಿಮಣೆಯಿಂದ ಹುಡುಕಿದಾಗ ಅದು ಹೊಂದುವುದಿಲ್ಲ. ಅಂಥ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿಯೇ ವಿಕಿಗೆ ಹಾಕಬೇಕು. ಫಾರ್ವರ್ಡ್‌ನ ಸ್ಕ್ರೀನ್‌ಶಾಟ್ ಇಟ್ಟರೆ ಅದರೊಳಗಿನ ಅಕ್ಷರಗಳನ್ನೂ ವಿಕಿ ಹುಡುಕಲಾರದು. ಜೊತೆಗೆ ಎರಡು ಸಾಲು ಬರೆದಿಡಿ. ಒಂದೇ ಹೆಸರನ್ನು ಜನ ಬೇರೆ ಬೇರೆ ರೀತಿ ಬರೆಯುವುದಾದರೆ (ಲಕ್ಷ್ಮೇಶ್ವರ, ಲಕ್ಷ್ಮೇಶ್ವರ್) ಎರಡನ್ನೂ ಸೇರಿಸಿ.

ಬಣ್ಣ ಹೆಚ್ಚಾದರೆ ವಿನ್ಯಾಸ ಚೆನ್ನಾಗಿರುತ್ತದೆಯೇ?

ಇಲ್ಲ. ನೋಡಲು ಚೆಂದ ಇರುವುದೇ ಬೇರೆ, ಓದಲು ಸುಲಭ ಇರುವುದೇ ಬೇರೆ. ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬೆಳಕಿನ ವ್ಯತ್ಯಾಸ ಇರಬೇಕು. ಬಿಳಿಯ ಮೇಲೆ ತಿಳಿ ಬೂದು ಬಣ್ಣದ ಅಕ್ಷರ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ಅಂತರವನ್ನು ಅಕ್ಷರ ಗಾತ್ರದ ಒಂದೂವರೆ ಪಟ್ಟು ಇಡುವುದು ಒಳ್ಳೆಯದು. ಪದೇಪದೇ ಬೇಕಾಗುವ ನಾಲ್ಕೈದು ಪುಟಗಳ ಕೊಂಡಿ ಮತ್ತು ಹುಡುಕುವ ಪೆಟ್ಟಿಗೆ ಮೊದಲ ಪರದೆಯಲ್ಲೇ ಇರಲಿ, ಉಳಿದ ಗುಂಡಿಗಳನ್ನು ಅಡಗಿಸಿ.

ಉಳಿಸಿದ್ದು ನಿಜವಾಗಿ ಉಳಿದಿದೆಯೇ?

ಇಲ್ಲಿ ತುಂಬಾ ಜನ ಎಡವುತ್ತಾರೆ. ಸುರಕ್ಷತೆಯ ಕಾರಣಕ್ಕೆ ಬ್ರೌಸರ್‌ಗಳು ಒಂದು ಪುಟ ತನ್ನದೇ ಕಡತವನ್ನು ಬದಲಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದ್ದರಿಂದ ಟಿಡ್ಲಿವಿಕಿಯಲ್ಲಿ 'ಉಳಿಸು' ಒತ್ತಿದಾಗ ಹೊಸ ಪ್ರತಿಯೊಂದು ಡೌನ್‌ಲೋಡ್ ಫೋಲ್ಡರಿಗೆ ಇಳಿಯಬಹುದು. ಮರುದಿನ ಹಳೆಯ ಪ್ರತಿಯನ್ನೇ ತೆರೆದರೆ ಬರೆದದ್ದು ಮಾಯವಾದಂತೆ ಕಾಣುತ್ತದೆ. ಉಳಿಸುವ ಕೆಲಸಕ್ಕೆಂದೇ ಇರುವ ಸಹಾಯಕ ಆ್ಯಪ್ ಬಳಸಿ, ಇಲ್ಲವೇ ಪ್ರತಿ ಸಲ ಇತ್ತೀಚಿನ ಕಡತವನ್ನೇ ತೆರೆಯಿರಿ. ಫೋನ್ ಕಳೆದರೂ ಸಿಗುವಂತೆ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಹೇಳಿದಂತೆ, ಐದು ಜನರಿಂದ ಬಳಸಿ ನೋಡಿದರೆ ವಿನ್ಯಾಸದ ಬಹುಪಾಲು ತೊಡಕುಗಳು ಬಯಲಾಗುತ್ತವೆ. ಮನೆಯವರ ಕೈಗೆ ಫೋನ್ ಕೊಟ್ಟು "ಅಜ್ಜಿಗೆ ಒಗ್ಗದ ಔಷಧ ಯಾವುದು, ಹುಡುಕು" ಎಂದಷ್ಟೇ ಹೇಳಿ. ದಾರಿ ತೋರಿಸಬೇಡಿ. ಅವರ ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ತಿದ್ದಿ. ಅವಸರದ ಹೊತ್ತಿನಲ್ಲಿ ಫೋನ್ ಇರುವುದು ಅವರ ಕೈಯಲ್ಲೇ ಆಗಿರಬಹುದು.