ಕೆಮ್ಮಿಗೂ ಒಂದು ಸ್ತೋತ್ರ

ಮೊನ್ನೆ ಸಿಟಿ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸೊಬ್ಬರು ಫೋನಿನಲ್ಲಿ ಮಾತಾಡುತ್ತಿದ್ದರು. ಇಡೀ ಬಸ್ಸಿಗೇ ಕೇಳಿಸುವ ದನಿ, ಹಾಗಾಗಿ ಕದ್ದು ಕೇಳಿದೆನೆಂದು ಯಾರೂ ನನ್ನನ್ನು ದೂರುವಂತಿಲ್ಲ. “ಜ್ವರ ಬಿಡ್ತಕ್ಕಾ, ಸ್ತೋತ್ರ. ಬೆಳಿಗ್ಗೆ ಎರಡು ಇಡ್ಲಿ ತಿಂದ್ರು, ಸ್ತೋತ್ರ. ಕೆಮ್ಮು ಮಾತ್ರ ಇನ್ನೂ ಹಂಗೇ ಐತೆ, ಸ್ತೋತ್ರ.” ಮೊದಲೆರಡು ಸ್ತೋತ್ರಗಳ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದು ಮಾತ್ರ ನಾನು ಬಸ್ಸಿಳಿದರೂ ನನ್ನನ್ನು ಬಿಡಲಿಲ್ಲ.

ಕನ್ನಡ ಕ್ರೈಸ್ತರಲ್ಲಿ, ಅದರಲ್ಲೂ ಪ್ರಾಟೆಸ್ಟೆಂಟ್ ಮತ್ತು ಪೆಂತೆಕೊಸ್ತ್ ಸಭೆಗಳವರ ಮಾತಿನಲ್ಲಿ, ಸ್ತೋತ್ರ ಎಂಬುದು ದಿನಬಳಕೆಯ ಪದ. ನಲ್ಲಿಯಲ್ಲಿ ನೀರು ಬಂದರೆ ಸ್ತೋತ್ರ, ಮಗಳಿಗೆ ಕೆಲಸ ಸಿಕ್ಕರೆ ಸ್ತೋತ್ರ. ಕೃತಜ್ಞತಾಸ್ತುತಿ, ಕೃತಜ್ಞತಾ ಕಾಣಿಕೆ, ಕೃತಜ್ಞತಾ ಕೂಟ ಎಂಬ ಮಾತುಗಳೂ ಅವರಲ್ಲಿವೆ, ಆದರೆ ಅವು ಭಾನುವಾರದ ಬಟ್ಟೆಯಂತೆ ಪೆಟ್ಟಿಗೆಯಿಂದ ತೆಗೆದು ಉಡುವಂಥವು. ಸೋಮವಾರದಿಂದ ಶನಿವಾರದವರೆಗೆ ಗೇಯುವುದು ಸ್ತೋತ್ರವೇ. ಅದರ ಸಂಸ್ಕೃತ ಧಾತು ಯಾವುದೆಂದು ಹೈಸ್ಕೂಲಿನ ಹುಡುಗರೂ ಹೇಳಿಯಾರು, ಅದು ಬಿಡಿ. ದೇವರನ್ನು ಹೊಗಳುವ ಪದ ಉಪಕಾರ ನೆನೆಯುವ ಪದವಾದದ್ದು ಹೇಗೆ ಎಂಬುದು ನನ್ನ ಪ್ರಶ್ನೆ.

ಉಳಿದ ಕನ್ನಡಿಗರು ಇಂಥ ಪದಗಳನ್ನು ಏನು ಮಾಡಿಟ್ಟಿದ್ದೇವೆ ನೋಡಿ. ಆಫೀಸಿನಲ್ಲಿ ಬೈಸಿಕೊಂಡು ಬಂದವನು “ಇವತ್ತು ಸರಿಯಾಗಿ ಮಂಗಳಾರತಿ ಆಯ್ತು” ಅನ್ನುತ್ತಾನೆ. ತಡವಾಗಿ ಮನೆಗೆ ಬಂದವನಿಗೆ ಬಾಗಿಲಲ್ಲೇ ಸಹಸ್ರನಾಮ. ಇನ್ನು ಪೊಲೀಸರು ಪೂಜೆ ಮಾಡಿದರೆಂದರೆ ಮೈಗೆ ಎಣ್ಣೆ ಹಚ್ಚಿಕೊಂಡು ಮಲಗಬೇಕು. ದೇವರ ಮನೆಯ ಸಾಮಾನನ್ನೆಲ್ಲ ಬೈಗುಳಕ್ಕೆ ಒದಗಿಸಿಕೊಂಡ ನಮ್ಮ ಜಾಣತನಕ್ಕೆ ಸ್ತೋತ್ರವೊಂದು ಸಿಕ್ಕದೆ ಉಳಿಯಿತು, ಅದನ್ನು ಉಳಿಸಿಕೊಂಡವರು ಅವರು.

ನನ್ನ ಸಿದ್ಧಾಂತ ಹೀಗಿದೆ. ಆಡುಗನ್ನಡದಲ್ಲಿ ಉಪಕಾರಕ್ಕೆ ಪ್ರತಿಯಾಗಿ ಹೇಳುವ ಒಂಟಿ ಪದವೇ ಇರಲಿಲ್ಲ. ಧನ್ಯವಾದ ವೇದಿಕೆಯ ಮಾತು, ಮೈಕು ಹಿಡಿಯದೆ ಬಾಯಿಗೆ ಬರುವುದಿಲ್ಲ. ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು “ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪಾ” ಎಂದು. ಮಂಗಳೂರಿನ ಕೊಂಕಣಿ ಕಥೊಲಿಕರು ಇಂದಿಗೂ “ದೇವ್ ಬರೆಂ ಕರುಂ” ಅನ್ನುತ್ತಾರೆ, ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದು. ಎರಡರಲ್ಲೂ ಉಪಾಯ ಒಂದೇ: ನನ್ನಿಂದ ತೀರಿಸಲಾಗದ ಋಣವನ್ನು ಮೇಲಿನವನ ಖಾತೆಗೆ ದಾಟಿಸುವುದು. ಇದು ಮನುಷ್ಯರ ನಡುವೆ ಸೊಗಸಾಗಿ ನಡೆಯುತ್ತದೆ. ಆದರೆ ಕೊಟ್ಟವನು ದೇವರೇ ಆದರೆ? “ಸ್ವಾಮೀ, ನಿನ್ನ ಹೊಟ್ಟೆ ತಣ್ಣಗಿರಲಿ” ಎನ್ನಲಾದೀತೇ? ದಾಟಿಸಲು ಇನ್ನೊಬ್ಬ ದೇವರಿಲ್ಲ. “ದೇವರ ದಯೆ” ಎಂದರೆ ಅದು ಪಕ್ಕದ ಮನೆಯವರಿಗೆ ಒಪ್ಪಿಸುವ ವರದಿಯಾಯಿತು, ದೇವರಿಗೆ ಹೇಳಿದಂತಾಗಲಿಲ್ಲ. ದಿನಕ್ಕೆ ಹತ್ತಾರು ಸಲ ಅವನಿಗೇ ನೇರವಾಗಿ ಹೇಳಬೇಕಾದ ಜನ ಹುಡುಕಿ ಹಿಡಿದದ್ದು ಸ್ತೋತ್ರವನ್ನು. ಭಾಷಾವಿಜ್ಞಾನಿಗಳು ಇದನ್ನು ಒಪ್ಪದಿದ್ದರೆ ಅವರ ಹೊಟ್ಟೆಯೂ ತಣ್ಣಗಿರಲಿ.

ಉಪಕಾರದ ಮಾತು ಬಂದಾಗಲೆಲ್ಲ ನನಗೆ ‘ಉಂಡ ಮನೆಯ ಜಂತೆ ಎಣಿಸಬಾರದು’ ಎಂಬ ಗಾದೆ ನೆನಪಾಗುತ್ತದೆ. ಉಪಕಾರ ಮಾಡಿದವರಿಗೆ ಎರಡು ಬಗೆಯಬೇಡ ಎಂದು ಇದಕ್ಕೆ ಮೇಷ್ಟ್ರು ಅರ್ಥ ಹೇಳಿಕೊಟ್ಟಿದ್ದರು. ಸರಿ, ಆದರೆ ಜಂತೆಯನ್ನೇ ಯಾಕೆ ಎಣಿಸಬೇಕು? ಕಂಬ ಎಣಿಸಬಹುದಿತ್ತು, ಚೆಂಬು ಎಣಿಸಬಹುದಿತ್ತು. ಉಣ್ಣುವಾಗ ತಲೆ ಬಗ್ಗಿರುತ್ತದೆ, ಕಣ್ಣು ಎಲೆಯ ಮೇಲಿರುತ್ತದೆ. ಜಂತೆ ಕಾಣಬೇಕಾದರೆ ಉಂಡವನು ಅಲ್ಲೇ ಜಗಲಿಯ ಮೇಲೆ ಅಂಗಾತ ಮಲಗಬೇಕು. ಅಂದರೆ ಅವನ ಹೊಟ್ಟೆ ತುಂಬಿದೆ, ಎದ್ದು ಹೋಗುವ ಅವಸರವಿಲ್ಲ, ಮನೆಯವರು ಚಾಪೆಯನ್ನೂ ಕೊಟ್ಟಿದ್ದಾರೆ. ಇಷ್ಟೆಲ್ಲ ಪಡೆದ ಮೇಲೆಯೇ ಎಣಿಕೆ ಶುರುವಾಗುವುದು: ಇವನ ಮನೆಗೆ ಇಷ್ಟೊಂದು ಮರ ಎಲ್ಲಿಂದ ಬಂತು, ನಮ್ಮ ಮನೆಗೇಕೆ ಇಲ್ಲ, ಆ ಮೂಲೆಯದಕ್ಕೆ ಗೆದ್ದಲು ಹಿಡಿದಂತಿದೆಯಲ್ಲ. ಇದೇ ಗಾದೆಯ ಇನ್ನೊಂದು ರೂಪದಲ್ಲಿ ಅತಿಥಿ ಉಂಡ ಮನೆಯ ಗಳವನ್ನೇ ಹಿರಿಯುತ್ತಾನೆ. ಎಣಿಸಿದವನು ಕೀಳಲು ಏಳುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

ಬೈಬಲಿನ ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯದಲ್ಲಿ ಮೋಶೆ ತನ್ನ ಜನರಿಗೆ ಕೊಡುವ ಎಚ್ಚರಿಕೆಯೂ ಹಸಿವಿನ ಕಾಲಕ್ಕಲ್ಲ. ಉಂಡು ತೃಪ್ತರಾಗಿ, ಒಳ್ಳೊಳ್ಳೆ ಮನೆ ಕಟ್ಟಿಕೊಂಡು ನೆಲೆ ನಿಂತ ಮೇಲೆ ದೇವರನ್ನು ಮರೆತೀರಿ, ಜೋಕೆ ಎನ್ನುತ್ತಾನೆ. ಊಟ, ಮನೆ, ಮರೆವು ಇದೇ ಸಾಲಿನಲ್ಲಿ ಬರುತ್ತವೆ. ನಮ್ಮ ಗಾದೆ ಕಟ್ಟಿದವನು ಮೋಶೆಯನ್ನು ಓದಿರಲಾರ. ಅಂಗಾತ ಮಲಗಿದವರನ್ನು ಇಬ್ಬರೂ ನೋಡಿದ್ದರು, ಅಷ್ಟೆ. ಆರ್‌ಸಿಸಿ ಮನೆ ಬಂದ ಮೇಲೆ ಮಲಗಿದವನಿಗೆ ಎಣಿಸಲು ಫ್ಯಾನಿನ ರೆಕ್ಕೆ ಬಿಟ್ಟು ಬೇರೇನಿಲ್ಲ. ಎಣಿಸುವ ಚಟವೇನೂ ಹೋಗಲಿಲ್ಲ. ಕೈ ತೊಳೆಯುವ ಮೊದಲೇ ಊಟಕ್ಕೆ ಎಷ್ಟು ಸ್ಟಾರ್ ಎಂದು ಮೊಬೈಲಿನಲ್ಲಿ ಒತ್ತುತ್ತಾರೆ. ಕ್ರೈಸ್ತರ ಮನೆಗಳಲ್ಲಿ ಅನ್ನಕ್ಕೆ ಕೈ ಹಾಕುವ ಮುಂಚೆಯೇ ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಮುಗಿಸುವುದನ್ನು ನೋಡಿದರೆ, ಸಾರಿಗೆ ಉಪ್ಪು ಹೆಚ್ಚೋ ಕಮ್ಮಿಯೋ ತಿಳಿಯುವ ಮೊದಲೇ ಉಪಕಾರ ಹೇಳಿಬಿಡುವ ಮುಂಜಾಗ್ರತೆ ಅದು ಎಂದು ನನ್ನ ಗುಮಾನಿ.

ಕೆಮ್ಮಿಗೆ ಬರೋಣ. ಪೌಲನು ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದಲ್ಲಿ ಎಲ್ಲದರಲ್ಲಿಯೂ ಕೃತಜ್ಞರಾಗಿರಿ ಎಂಬ ಮಾತಿದೆ: ಸಪ್ತಮಿ ವಿಭಕ್ತಿ. ಕಷ್ಟಕ್ಕಾಗಿ ಅಲ್ಲ, ಕಷ್ಟದಲ್ಲಿ ಎಂದು ಬೋಧಕರು ಇದನ್ನು ನಯವಾಗಿ ಬಿಡಿಸುತ್ತಾರೆ. ಆದರೆ ಎಫೆಸದವರ ಪತ್ರದಲ್ಲಿ ಎಲ್ಲದಕ್ಕಾಗಿಯೂ ಎಂದೇ ಇದೆ, ಅಲ್ಲಿ ನಯ ನಡೆಯುವುದಿಲ್ಲ. 1944ರಲ್ಲಿ ರಾವೆನ್ಸ್‌ಬ್ರುಕ್ ಸೆರೆಶಿಬಿರದಲ್ಲಿ ಡಚ್ ಅಕ್ಕತಂಗಿಯರಾದ ಬೆಟ್ಸಿ ಮತ್ತು ಕೊರಿ ಟೆನ್ ಬೂಮ್ ಜಗಳಾಡಿದ್ದೂ ಇದಕ್ಕೇ. ಬ್ಯಾರಕ್ಕಿನ ತುಂಬ ಚಿಗಟ. ಚಿಗಟಗಳಿಗೂ ದೇವರಿಗೆ ವಂದನೆ ಹೇಳೋಣ ಎಂದಳು ಅಕ್ಕ ಬೆಟ್ಸಿ. ಇದೊಂದು ನನ್ನಿಂದಾಗದು ಎಂದಳು ಕೊರಿ. ಚಿಗಟಕ್ಕೆ ಹೆದರಿ ಕಾವಲಿನವರು ಒಳಗೆ ಕಾಲಿಡುತ್ತಿರಲಿಲ್ಲ, ಅದರಿಂದಲೇ ಅವರ ಬೈಬಲ್ ವಾಚನ ನಿರಾತಂಕವಾಗಿ ಸಾಗಿತ್ತೆಂದು ಆಮೇಲೆ ತಿಳಿಯಿತು. ಬೋಧಕರು ಈ ಆಮೇಲಿನದನ್ನೇ ಚಪ್ಪರಿಸಿ ಹೇಳುತ್ತಾರೆ. ಬೆಟ್ಸಿ ಹೇಳಿದ್ದು ಕಾರಣ ತಿಳಿಯುವ ಮೊದಲು. ಆ ಡಿಸೆಂಬರಿನಲ್ಲಿ ಆಕೆ ಅದೇ ಶಿಬಿರದಲ್ಲಿ ತೀರಿಕೊಂಡಳು. ಅದಕ್ಕೆ ಯಾವ ಚಿಗಟದ ಸಮಜಾಯಿಷಿಯೂ ಸಾಲದು.

ಬಸ್ಸಿನ ಆ ತಾಯಿ ಕೆಮ್ಮಿನಲ್ಲಿ ಎನ್ನಲಿಲ್ಲ, ಕೆಮ್ಮಿಗಾಗಿ ಎಂದೂ ಎನ್ನಲಿಲ್ಲ. ಕೆಮ್ಮು ಹಂಗೇ ಐತೆ, ಸ್ತೋತ್ರ. ಪೌಲನ ಎರಡು ಪತ್ರಗಳ ವ್ಯಾಜ್ಯದಲ್ಲಿ ವಿಭಕ್ತಿಯನ್ನೇ ಕೈಬಿಟ್ಟು ಪಾರಾದರು.

ಈ ಪದಕ್ಕೀಗ ಒಳ್ಳೆಯ ದಿನಗಳಲ್ಲ. ಸಭೆಯ ಹುಡುಗರು ವಾಟ್ಸಾಪಿನಲ್ಲಿ ‘ಪಿಟಿಎಲ್’ ಎಂದು ಒತ್ತಿ ಮುಗಿಸುತ್ತಾರೆ. ಪ್ರೈಸ್ ದ ಲಾರ್ಡ್ ಎಂಬ ಮೂರು ಮಾತಿಗೂ ಪುರುಸೊತ್ತಿಲ್ಲ. ಹೊರಗಿನವರೋ ‘ಗ್ರ್ಯಾಟಿಟ್ಯೂಡ್ ಜರ್ನಲ್’ ಕೊಂಡು ದಿನಕ್ಕೆ ಇಷ್ಟು ಎಂದು ಬರೆದಿಡುತ್ತಾರೆ. ಯಾರಿಗೆ ಗ್ರ್ಯಾಟಿಟ್ಯೂಡ್ ಎಂದರೆ “ಹಾಗೇ, ಜನರಲ್ಲಾಗಿ” ಅನ್ನುತ್ತಾರೆ. ವಿಳಾಸವಿಲ್ಲದ ಕಾಗದ ಯಾವ ಅಂಚೆಯಲ್ಲಿ ಹೋಗಬೇಕೋ.

ಅವರನ್ನೊಮ್ಮೆ ಸಿಎಸ್‌ಐ ಸಭೆಯ ಸುಗ್ಗಿ ಹಬ್ಬಕ್ಕೆ ಕರೆದೊಯ್ಯಬೇಕು. ಹಿತ್ತಿಲಲ್ಲಿ ಬೆಳೆದದ್ದನ್ನು ತಂದು ದೇವರ ಮುಂದಿಟ್ಟು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ಕೂಗುತ್ತಾರೆ. ಒಂದು ಸಲ ವಯಸ್ಸಾದ ತಾಯಿಯೊಬ್ಬರು ತಾವೇ ತಂದಿಟ್ಟ ಕುಂಬಳಕಾಯಿಗೆ ಸಂತೆಯ ದರವನ್ನು ಎಷ್ಟೋ ಮೀರಿ ಕೂಗಿ, ಸವಾಲಿಗೆ ನಿಂತ ಇಬ್ಬರು ಗಂಡಸರನ್ನು ಸೋಲಿಸಿ, ಅದನ್ನೇ ಸೊಂಟಕ್ಕೇರಿಸಿಕೊಂಡು ಹೊರಟರು. ಇದ್ಯಾವ ವ್ಯಾಪಾರ ಅಮ್ಮಾ ಎಂದು ಕೇಳಿದ್ದಕ್ಕೆ, “ಕಾಯಿ ಚೆನ್ನಾಗಿ ಬಂದಿತ್ತಪ್ಪಾ, ಬಿಟ್ಟುಕೊಡೋಕೆ ಮನಸ್ಸಾಗಲಿಲ್ಲ” ಎಂದರು.