ಕಡತದ ಲೆಕ್ಕ, ಗುಳಿಯ ಲೆಕ್ಕ: ಆದವಾನಿ ಸೀಮೆಯಲ್ಲಿ ಮಕ್ಕಳ ಎಣಿಕೆ

ನನ್ನ ಪ್ರಶ್ನೆ ಸಣ್ಣದು: ಆದವಾನಿ ಸೀಮೆಯ ಮಕ್ಕಳು ಎಣಿಸೋದನ್ನ ಎಲ್ಲಿ ಕಲಿತರು? ಶಾಲೆಯಲ್ಲಿ ಅಂತ ಥಟ್ಟನೆ ಹೇಳ್ತೀವಿ. ದಾಖಲೆಯೂ ಹಾಗೇ ಹೇಳುತ್ತದೆ. ಆದರೆ ಆ ದಾಖಲೆಗೆ ಮನೆಯ ಪಡಸಾಲೆ ಕಂಡಿಲ್ಲ ಎಂಬುದು ನನ್ನ ವಾದ.

ಮೊದಲು ದಾಖಲೆ ನೋಡೋಣ. ಆದವಾನಿ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮದರಾಸಿಗೆ ಶಾಲೆಗಳ ವರದಿ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಕನ್ನಡ ಶಾಲೆ 235, ತೆಲುಗು ಶಾಲೆ 226. ಅಂದರೆ ಎರಡು ನುಡಿ ಸರಿಸಮ ನಡೀತಿದ್ದ ಸೀಮೆ ಇದು.

ಪಾಠದ ಕ್ರಮವನ್ನೂ ಆತ ವಿವರಿಸಿದ್ದಾನೆ. ಬೆಳಗ್ಗೆ ಆರಕ್ಕೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹಿಂದಿನವರಿಗೆಲ್ಲ ಒಂದೊಂದು ಹೆಚ್ಚು. ತಡವಾಗಿ ಬಂದ ಹುಡುಗನಿಗೆ ಎಣಿಕೆ ಮೈಮೇಲೇ ಬರೀತಿತ್ತು ಅನ್ನಿ! ಮೊದಲು ಮರಳಲ್ಲಿ ಬೆರಳಿಂದ ಬರೆಯೋದು, ಆಮೇಲೆ ಹಲಗೆ, ಕಡತ. ಕೂಡುವ ಕೋಷ್ಟಕ ಬಾಯಿಪಾಠ, ಒಂದರಿಂದ ನೂರರವರೆಗೆ ಎಣಿಕೆ, ನಂತರ ಹಣ ಮತ್ತು ಅಳತೆಯ ಲೆಕ್ಕ. ಭಿನ್ನರಾಶಿಗಳು ನಾಲ್ಕು ನಾಲ್ಕಾಗಿ ಇಳಿಯುತ್ತಿದ್ದವು. ನಮ್ಮ ಕಾಲು, ವೀಸ, ಕಾಣಿ ಈ ಕ್ರಮದವೇ. ಅಂಗಡಿಗೂ ಶಾನುಭೋಗಿಕೆಗೂ ಬೇಕಾದ ವಿದ್ಯೆ ಇದು.

ಈಗ ಒಂದು ಅಂಕಿ ಗಮನಿಸಿ. ಆ 6,641ರಲ್ಲಿ ಹೆಣ್ಣುಮಕ್ಕಳು 60. ಉಳಿದ ಹುಡುಗಿಯರಿಗೆ ಎಣಿಸಲು ಬರ್ತಿರಲಿಲ್ಲವೇ? ಹಾಲು, ಜೋಳ, ಕೂಲಿಯ ಲೆಕ್ಕ ಇಡದೆ ಯಾವ ಮನೆ ನಡೆದೀತು?

ಇಲ್ಲಿ ನಾವು ಅಳಗುಳಿಮನೆಯನ್ನು ಸಾಕ್ಷಿಗೆ ಕರೀಬೇಕು. ತೆಲುಗಿನಲ್ಲಿ ಇದೇ ವಾಮನಗುಂಟಲು. ಎರಡು ಸಾಲು, ಹದಿನಾಲ್ಕು ಗುಳಿ. ಗುಳಿಗೆ ನಾಲ್ಕು ಹುಣಸೆ ಬೀಜ ಹಾಕಿದರೆ 56. ಮಗು ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತ ಹೋಗುತ್ತದೆ. ಬಾಯಲ್ಲಿ ಒಂದು ಹೆಸರು, ಕೈಯಲ್ಲಿ ಒಂದು ಬೀಜ. ಬಾಯಿಪಾಠದಲ್ಲಿ ನೂರರವರೆಗೆ ಓಡುವ ಮಗು ಇಲ್ಲಿ ಓಡಲಾಗದು. ಕೈ ತಪ್ಪಿದರೆ ಎದುರಿಗೆ ಕೂತವಳು ಹಿಡೀತಾಳೆ. ಏಟಿಲ್ಲ, ಬರೀ ನಗು. ಚೌಕಾಬಾರಾ ಆಟದಲ್ಲಿ, ಅಂದರೆ ತೆಲುಗಿನ ಅಷ್ಟಾ ಚೆಮ್ಮಾದಲ್ಲಿ, ನಾಲ್ಕು ಕವಡೆಯಲ್ಲಿ ಎಷ್ಟು ಅಂಗಾತ ಬಿದ್ದವು ಅಂತ ಎಣಿಸದೆ ನೋಡಿಯೇ ಹೇಳಬೇಕು. ಎಲ್ಲಾ ಬೋರಲು ಬಿದ್ದರೆ ಎಂಟು. ನನಗೆ ಆ ಎಂಟನ್ನು ಕಲಿಸಿದ್ದು ಅಜ್ಜಿ. ಆಕೆಗೆ ಅಕ್ಷರ ಬರ್ತಿರಲಿಲ್ಲ.

'ಆಟ ಹಳೇದು ಅನ್ನೋದಕ್ಕೆ ಆಧಾರ?' ಅಂತ ನೀವು ಕೇಳಬಹುದು. ಕಾಗದ ಸುಮ್ಮನಿದ್ದರೂ ಕಲ್ಲು ಮಾತಾಡುತ್ತದೆ. ಹಂಪಿಯ ಮಂಟಪಗಳ ಚಪ್ಪಡಿಗಳಲ್ಲಿ ಕೊರೆದ ಆಟದ ಮನೆಗಳು ಇವತ್ತಿಗೂ ಕಾಣ್ತವೆ.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಬಂತು. ಆದವಾನಿಯ ಕನ್ನಡ ಮಗುವಿಗೆ ಮನೆಯಲ್ಲಿ ಎರಡು, ಹತ್ತು. ಹತ್ತಿ ಮಾರುಕಟ್ಟೆಯಲ್ಲಿ ರೆಂಡು, ಪದಿ. ಹೆಸರು ಬದಲಾದರೂ ಗುಳಿಯಲ್ಲಿನ ಬೀಜ ಅಷ್ಟೇ ಇರುತ್ತದೆ. ಸಂಖ್ಯೆ ಎಂದರೆ ಹೆಸರಲ್ಲ, ಪ್ರಮಾಣ ಎಂಬ ತಿಳಿವು ಎರಡು ನುಡಿಯ ಮಗುವಿಗೆ ಆಟದಲ್ಲೇ ದಕ್ಕುತ್ತದೆ.

1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾದ ನಲಿ-ಕಲಿ, ಆಟದ ಕಲಿಕೆಯನ್ನು ತರಗತಿಗೆ ತಂತು. ಅದಕ್ಕೆ ಪ್ರೇರಣೆ ಆಂಧ್ರದ ಋಷಿವ್ಯಾಲಿಯ ಶಾಲೆಗಳು. ಅದನ್ನು ಹೊಸ ವಿಧಾನ ಅಂತ ಹೊಗಳುವಾಗ ಹಳೇ ಗುರುಗಳನ್ನೂ ನೆನೀಬೇಕು. ಶಿಕ್ಷಣದ ಇತಿಹಾಸವನ್ನು ಬರೀ ಶಾಲೆಯ ಪಟ್ಟಿಯಿಂದ ಬರೆದರೆ ಅವರು ಅನಕ್ಷರಸ್ಥರ ಲೆಕ್ಕಕ್ಕೆ ಹೋಗಿಬಿಡ್ತಾರೆ. ಆದ್ದರಿಂದ ಗಡಿ ಊರುಗಳ ಅಜ್ಜಿಯಂದಿರ ಮುಂದೆ ಗುಳಿಮನೆ ಇಟ್ಟು ಕೂರೋಣ, ಅವರ ಎಣಿಕೆಯ ಮಾತುಗಳನ್ನು ಎರಡೂ ನುಡಿಯಲ್ಲಿ ಬರೆದಿಡೋಣ. ಇದೂ ದಾಖಲೆಯೇ.